ಬಳ್ಳಿ ಅಕ್ಷರದ ಬಸ್ಸು

ನಮ್ಮೂರಿನಲ್ಲಿ ಅಕ್ಷರ ಮುಟ್ಟಿದರೆ ಮಾತಾಡುತ್ತದೆ. ಹೊರಗಿನಿಂದ ಬಂದವರು ಮೊದಮೊದಲು ಬೆಚ್ಚಿಬೀಳುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ಬರೆದ ಸಾಲಿನ ಮೇಲೆ ಬೆರಳಾಡಿಸಿದರೆ ಸಾಕು, ಸೊಳ್ಳೆಯ ಗುಂಯ್‌ಗಿಂತ ಒಂಚೂರು ಜೋರಾದ ದನಿಯಲ್ಲಿ ಅದು ತನ್ನನ್ನು ತಾನೇ ಓದಿಕೊಳ್ಳುತ್ತದೆ. ಸೀಮೆಸುಣ್ಣದ ಅಕ್ಷರಕ್ಕೆ ಗೊಗ್ಗರು ದನಿ, ಅಚ್ಚಿನದಕ್ಕೆ ನಯವಾದದ್ದು, ಮೊಬೈಲಿನ ಗಾಜಿನೊಳಗಿನದಕ್ಕೆ ನೆಗಡಿಯಾದವರ ದನಿ. ಗ್ರಂಥಾಲಯದ ಬಾಗಿಲಲ್ಲಿ ಒಂದು ಬುಟ್ಟಿ ತುಂಬ ಕೈಗವಸು ಇಟ್ಟಿರುತ್ತಾರೆ. ಹಾಕಿಕೊಳ್ಳದೆ ಪುಸ್ತಕಕ್ಕೆ ಕೈಯಿಟ್ಟರೆ ಅಕ್ಕಪಕ್ಕದವರು ಗದರುತ್ತಾರೆ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಕ್ಷರಕ್ಕೆ ಬಿಕ್ಕಳಿಕೆ ಬರುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತೇವೆ. ಕಣ್ಣಿದ್ದವರಿಗೆ ಇದೆಲ್ಲ ಬರೀ ಗದ್ದಲ. ನನಗೆ ಹಾಗಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಣ್ಣು ಹೋಯಿತು. ಅಷ್ಟರಲ್ಲಾಗಲೇ ಅಂಬುಜಾಕ್ಷಿ ಎಂದು ಹೆಸರಿಟ್ಟಾಗಿತ್ತು. ಹೆಸರು ಬದಲಾಯಿಸೋಣವೇ ಎಂದು ಯಾರೋ ಕೇಳಿದಾಗ ನಮ್ಮಮ್ಮ, “ಕಣ್ಣು ಹೋಯ್ತು ಅಂತ ಹೆಸರನ್ನೂ ಕಿತ್ತುಕೊಳ್ಳಬೇಕಾ?” ಎಂದಳಂತೆ. ಊರಿನ ಗೋಡೆ, ಬೋರ್ಡು, ಡಬ್ಬಿ, ಚೀಟಿಗಳೆಲ್ಲ ನನಗೆ ಓದಿ ಹೇಳುತ್ತಿದ್ದುದರಿಂದ ನಾನು ಯಾರ ಕೈಯನ್ನೂ ಹಿಡಿಯದೆ ಬೆಳೆದೆ. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಆದರೆ ನಮ್ಮ ಅಕ್ಷರಗಳಿಗೆ ಒಂದು ಗುಣವಿದೆ. ಸಾದಾ ಬರೆದರೆ ಒಂದರ ಕೈ ಒಂದು ಹಿಡಿದು ಪದವಾಗಿ ನುಡಿಯುತ್ತವೆ. ಸಿಂಗಾರ ಮಾಡಿ ಬರೆದರೆ ಒಂದೊಂದೂ ಮೊದಲು ತನ್ನ ಸಿಂಗಾರದ ಹೆಸರು ಹೇಳಿ, ಆಮೇಲೆ ತನ್ನ ಹೆಸರು ಹೇಳುತ್ತದೆ. ಬಳ್ಳಿ ಬಿಡಿಸಿ ಬರೆದ ‘ಮರ’ ಮರ ಎನ್ನುವುದಿಲ್ಲ. ‘ಬಳ್ಳಿ ಮ, ಬಳ್ಳಿ ರ’ ಎನ್ನುತ್ತದೆ.

ಈ ಗುಣದಿಂದಲೇ ನನ್ನ ಪಾಠ ನಡೆಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಗಣಿತಕ್ಕೆ ಬೇಕಾದಷ್ಟು ಅಕ್ಷರ ಯಾವ ವರ್ಣಮಾಲೆಯಲ್ಲೂ ಇಲ್ಲ. ಸಾದಾ ‘ಸ’ ಎಂದರೆ ಯಾವುದೋ ಒಂದು ಸಂಖ್ಯೆ. ಇವತ್ತಿನ ಲೆಕ್ಕದಲ್ಲಿ ಐದಾದರೆ ನಾಳಿನದರಲ್ಲಿ ಐವತ್ತು. ಅದೇ ‘ಸ’ಗೆ ಜೋಡಿ ಗೆರೆ ಎಳೆದರೆ ಅದು ಇರುವ ಸಂಖ್ಯೆಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟ ಗಣ. ಬಳ್ಳಿ ಸುತ್ತಿಸಿದರೆ ಇನ್ನೊಂದು, ಮುಳ್ಳು ಬರಿಸಿದರೆ ಮತ್ತೊಂದು. ಬೋರ್ಡು ಮುಟ್ಟಿದರೆ ‘ಜೋಡಿಗೆರೆ ಸ’ ಎಂದು ಅದೇ ಹೇಳುತ್ತಿತ್ತು. ಕಷ್ಟವಿದ್ದದ್ದು ಒಂದೇ: ನನ್ನ ಕೈಗೆ ಬಳ್ಳಿ ಒಲಿಯುತ್ತಿರಲಿಲ್ಲ. ನಾನು ಬರೆದ ಬಳ್ಳಿ ಅಕ್ಷರ ಮುಟ್ಟಿದರೆ ಅದಕ್ಕೇ ಗುಮಾನಿ. ‘ಬಳ್ಳಿ ಇರಬಹುದು, ಸ’ ಎನ್ನುತ್ತಿತ್ತು. ತರಗತಿಗೆ ತರಗತಿಯೇ ಗೊಳ್ಳೆಂದು ನಗುತ್ತಿತ್ತು.

ಹಾಗೆ ನಗದೆ ಎದ್ದು ಬಂದವಳು ಹೊನ್ನಿ. ಲಾರಿಗಳ ಹಿಂದೆ ನವಿಲು, ಹೂವು, ‘ನಿಧಾನವಾಗಿ ಚಲಿಸಿ’ ಎಂದೆಲ್ಲ ಬರೆಯುವ ಕೆಂಚಪ್ಪನ ಮಗಳು. “ಕೊಡಿ ಮಿಸ್, ನಾನ್ ಬರೀತೀನಿ” ಎಂದು ಸೀಮೆಸುಣ್ಣ ತೆಗೆದುಕೊಂಡಳು. ಅವಳು ಬರೆದದ್ದನ್ನು ಮುಟ್ಟಿದಾಗ ಅಕ್ಷರ ‘ಬಳ್ಳಿ ಸ’ ಎಂದು ಎದೆಯುಬ್ಬಿಸಿಕೊಂಡೇ ಹೇಳಿತು. ಅವತ್ತಿನಿಂದ ಹತ್ತನೇ ತರಗತಿ ಮುಗಿಯುವತನಕ ನನ್ನ ಬೋರ್ಡಿನ ಸಿಂಗಾರದ ಅಕ್ಷರಗಳೆಲ್ಲ ಅವಳವೇ. ಲೆಕ್ಕದಲ್ಲೂ ಚುರುಕು. ಮುಂದೆ ಗಣಿತವನ್ನೇ ಓದುತ್ತಾಳೆ ಎಂದುಕೊಂಡಿದ್ದೆ. ಅವಳು ಅಪ್ಪನ ಕುಂಚ ಹಿಡಿದಳು. ನನಗೆ ಸ್ವಲ್ಪ ಬೇಜಾರಾಯಿತು, ತೋರಿಸಿಕೊಳ್ಳಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಮೊಬೈಲು ಎಲ್ಲರ ಕೈಗೂ ಬಂತು. ಹೊನ್ನಿ ತನ್ನ ಅಕ್ಷರಗಳನ್ನು ಮೊಬೈಲಿನೊಳಕ್ಕೂ ಇಳಿಸಿದಳು. ಪೇಟೆಯ ಮೊಬೈಲ್ ಅಂಗಡಿಯವರು ಅದನ್ನು ಬಂದಬಂದವರಿಗೆಲ್ಲ ಹಾಕಿಕೊಟ್ಟರು. ಮೊದಲು ಹುಟ್ಟುಹಬ್ಬದ ಹಾರೈಕೆಗಳು ಬಳ್ಳಿಯಾದವು. ಆಮೇಲೆ ಮದುವೆಯ ಕರೆಯೋಲೆ. ಆಮೇಲೆ ಜನ ತಮ್ಮ ಹೆಸರುಗಳನ್ನೇ ಸಿಂಗರಿಸಿಕೊಂಡರು. ಹಾಲಿನವನ ಹೆಸರು ಮುಳ್ಳು, ಡಾಕ್ಟರ ಹೆಸರು ಜೋಡಿಗೆರೆ. ಮೊಬೈಲಿನಲ್ಲಿ ನೋಡಿದ್ದು ಗೋಡೆಯ ಮೇಲೂ ಬೇಕೆನಿಸಿತು. ಹೊನ್ನಿ ಏಣಿ ಹೊತ್ತುಕೊಂಡು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದಳು. ಊರಿನ ಬೋರ್ಡುಗಳೆಲ್ಲ ಹೊಸದಾದವು. ಬೇರೆ ಊರಿನವರು ಅದನ್ನೇ ನೋಡಲು ಬರತೊಡಗಿದರು. “ನಿಮ್ಮ ಶಿಷ್ಯೆ ಊರಿಗೇ ಸೀರೆ ಉಡಿಸಿದ್ದಾಳೆ ಮೇಡಂ” ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನನ್ನ ಬೆರಳಿಗೆ ಮಾತ್ರ ಊರು ಅಪರಿಚಿತವಾಗುತ್ತ ಹೋಯಿತು. ಅಂಗಡಿಯ ಬಾಗಿಲಲ್ಲಿ ಕೈಯಿಟ್ಟರೆ ‘ಬಳ್ಳಿ ಹು, ಬಳ್ಳಿ ರಿ, ದಪ್ಪ ಗ, ದಪ್ಪ ಡ, ದಪ್ಪ ಲೆ’. ಕೊನೆಯ ಅಕ್ಷರ ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತಿತ್ತು. ಜೊತೆಗೆ ಹಿಂದೆ ನಿಂತವರು ಸರಿಯಿರಿ ಎನ್ನುತ್ತಿದ್ದರು. ಜನ ಒಳ್ಳೆಯವರು. ಹೂವಿನಾಕೆ ನನ್ನ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ “ಮಿಸ್ಸಮ್ಮಾ, ಇಲ್ಲಿ ಹೂವು, ಮುಂದಕ್ಕೆ ಹಣ್ಣು” ಎಂದು ಕೂಗುವುದನ್ನು ರೂಢಿಮಾಡಿಕೊಂಡಳು. ಔಷಧಿ ಅಂಗಡಿಯವರು ಶೀಶೆಗೆ ರಬ್ಬರು ಸುತ್ತಿ, ಒಂದು ಸುತ್ತು ಬೆಳಗ್ಗೆ, ಎರಡು ಸುತ್ತು ರಾತ್ರಿ ಎಂದು ಹೇಳಿಕೊಟ್ಟರು. ನಾನೂ ಅಕ್ಷರ ಪೋಣಿಸುವುದನ್ನು ಚೆನ್ನಾಗಿಯೇ ಕಲಿತೆ. ಹೊನ್ನಿ ಸಿಕ್ಕಾಗಲೆಲ್ಲ, “ಹೆಂಗಿದೆ ಮಿಸ್ ನನ್ ಅಕ್ಷರ?” ಎಂದು ಕೇಳುತ್ತಿದ್ದಳು. “ಎಲ್ರೂ ಹೊಗಳ್ತಾರೆ ಕಣೇ” ಎನ್ನುತ್ತಿದ್ದೆ. ಅದು ಅವಳು ಕೇಳಿದ್ದಕ್ಕೆ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತೇನೋ.

ಒಂದು ವರ್ಷ ಸುಣ್ಣದಗೂಡು ಎಂಬ ಊರಿನಲ್ಲಿ ನಡೆಯುವ ಗಣಿತದ ಮೇಷ್ಟ್ರುಗಳ ಸಭೆಗೆ ನನ್ನನ್ನು ಮಾತಾಡಲು ಕರೆದರು. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕೇಳಿದವಳಿಗೆ ಮೊದಲ ಸಲ ವೇದಿಕೆ. ಗಣಿತದಲ್ಲಿ ಸಿಂಗಾರದ ಅಕ್ಷರಗಳು ಯಾಕೆ ಬೇಕು ಎನ್ನುವುದೇ ವಿಷಯ. ನಗಬೇಡಿ. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಳ್ಳೆಯ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬೆಳಗ್ಗೆಯೇ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ ಬಾಗಿಲ ಪಕ್ಕ ಕೈಗೆಟಕುವಂತೆ ಊರಿನ ಹೆಸರಿನ ತಗಡು ಇರುತ್ತದೆ. ಬಸ್ಸುಗಳಿಗೂ ಹೊಸ ಅಕ್ಷರ ಬಂದದ್ದು ನನಗೆ ಗೊತ್ತಿತ್ತು. ಕೈಯಿಟ್ಟೆ. ‘ಬಳ್ಳಿ ಸು’ ಎಂದಿತು. ಅಷ್ಟರಲ್ಲಿ ಹಿಂದಿನಿಂದ ಜನ ನುಗ್ಗಿದರು. ನೂಕಿದ ರಭಸಕ್ಕೆ ನಾನು ಮೆಟ್ಟಿಲು ಹತ್ತಿಯಾಗಿತ್ತು. ಪಕ್ಕದವರನ್ನು ಕೇಳಬಹುದಿತ್ತು. ಕೇಳಿದರೆ ಕೈ ಹಿಡಿದು ಸೀಟಿನಲ್ಲಿ ಕೂರಿಸಿ, ಊರು ಯಾವುದು, ಒಬ್ಬರೇ ಯಾಕೆ ಬಂದಿರಿ ಎಂದೆಲ್ಲ ಶುರುಮಾಡುತ್ತಾರೆ. ಸುಮ್ಮನೆ ಕೂತು, ಕಂಡಕ್ಟರ್ ಟಿಕೆಟ್ ಎಂದಾಗ ಪಾಸು ಎತ್ತಿ ತೋರಿಸಿದೆ; ಆ ನೂಕುನುಗ್ಗಲಿನಲ್ಲಿ ಅವನೂ ಊರು ಕೇಳಲಿಲ್ಲ. ಮನಸ್ಸೆಲ್ಲ ಭಾಷಣದ ಮೇಲಿದ್ದುದರಿಂದ ದಾರಿಯ ತಿರುವುಗಳ ಕಡೆಗೂ ಗಮನ ಕೊಡಲಿಲ್ಲ.

ಬಸ್ಸು ನಿಂತು ಇಳಿದಾಗ ಸುಟ್ಟ ಸುಣ್ಣದ ವಾಸನೆ ಮೂಗಿಗೆ ಹತ್ತಬೇಕಿತ್ತು. ಬಂದದ್ದು ಒಣಹುಲ್ಲಿನ, ಮೇಕೆಗಳ ವಾಸನೆ. ಗಾಳಿ ಎಲ್ಲ ಕಡೆಯಿಂದಲೂ ಬೀಸುತ್ತಿತ್ತು. ಕಂಡಕ್ಟರ್ ಮೈಲಾರಿ ಹತ್ತಿರ ಬಂದ. ಅವನ ಮಗ ನನ್ನಲ್ಲಿ ಓದಿದವನು.

“ಟೀಚರಮ್ಮ, ಸೂಜಿಗುಡ್ಡದಲ್ಲಿ ನಿಮಗೇನು ಕೆಲಸ?”

ಸೂಜಿಗುಡ್ಡ. ಸುಣ್ಣದಗೂಡಿನ ಬಸ್ಸಿನ ತಗಡು ‘ಬಳ್ಳಿ ಸು’ ಎಂದರೆ ಇದು ‘ಬಳ್ಳಿ ಸೂ’ ಎಂದಿರಬೇಕು. ಒಂದು ಎಳೆತದ ಅಂತರ, ಅಷ್ಟೆ. ಆ ನೂಕಾಟದಲ್ಲಿ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

“ಏನಿಲ್ಲಪ್ಪ. ಗಾಳಿ ಬದಲಾಗ್ಲಿ ಅಂತ ಬಂದೆ” ಎಂದೆ.

“ಇಲ್ಲಿ ಗಾಳಿ ಬಿಟ್ರೆ ಬೇರೇನೂ ಇಲ್ಲ ಬಿಡಿ. ವಾಪಸ್ ಬಸ್ಸು ಮಧ್ಯಾಹ್ನದ ಮೇಲೇ” ಎಂದ. ಅವನ ದನಿಯಲ್ಲಿ ಅನುಮಾನವಿತ್ತು.

ಒಂದು ಬೇವಿನ ಮರದ ಕೆಳಗೆ ಕೂತೆ. ಸುಣ್ಣದಗೂಡಿನಲ್ಲಿ ಈಗ ಯಾರೋ ನನ್ನ ಹೆಸರು ಕೂಗಿ, ಬಂದಿಲ್ಲವಂತೆ ಎಂದು ಹೇಳಿ, ಮುಂದಿನವರನ್ನು ಕರೆಯುತ್ತಿರಬಹುದು. ಕಣ್ಣಿಲ್ಲದವಳನ್ನು ಅಷ್ಟು ದೂರ ಕರೆದದ್ದೇ ತಪ್ಪಾಯಿತು ಎಂದು ಯಾರಾದರೂ ಅನ್ನುತ್ತಿರಬಹುದು. ಅದೇ ನನ್ನನ್ನು ಹೆಚ್ಚು ಕೊರೆದದ್ದು. ಮೇಕೆ ಕಾಯುವ ಹೆಂಗಸೊಬ್ಬಳು ಬಂದು, ಏನೂ ವಿಚಾರಿಸದೆ, ಒಂದು ಚೊಂಬು ಮಜ್ಜಿಗೆ ಕೈಗಿಟ್ಟಳು. ಬುತ್ತಿ ಬಿಚ್ಚಿ ಅವಳಿಗೂ ಚಿತ್ರಾನ್ನ ಕೊಟ್ಟೆ. ಅವಳು ತಿನ್ನುತ್ತ ತನ್ನ ಮೇಕೆಗಳನ್ನು ಹೆಸರು ಹಿಡಿದು ಬಯ್ಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾನು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಭಾಷಣವೆಲ್ಲ ಗಾಳಿಯಲ್ಲಿ ಕದಡಿಹೋಯಿತು.

ಊರಿಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಆದರೆ ಮೈಲಾರಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಅಯ್ಯೋ ಪಾಪ ಎನ್ನಿಸಿಯೇ ಚಹಾ ಅಂಗಡಿಯಲ್ಲಿ ಹೇಳಿದ್ದಾನೆ. ಅಲ್ಲಿಂದ ಅದು ಪುರಸಭೆಗೆ ಹೋಯಿತು. ಸಂಜೆ ಅಧ್ಯಕ್ಷೆ ರುದ್ರಾಣಿಯವರೇ ಮನೆಗೆ ಬಂದರು. ಕೈ ಹಿಡಿದುಕೊಂಡು, “ನಿಮಗೆ ಹಿಂಗಾಯ್ತಲ್ಲ ಅಂಬುಜಾಕ್ಷಿಯವ್ರೆ, ನಮಗೆಲ್ಲ ನಾಚಿಕೆ. ನೀವೇನೂ ಯೋಚನೆ ಮಾಡ್ಬೇಡಿ, ನಾನ್ ನೋಡ್ಕೋತೀನಿ” ಎಂದರು. ನನಗೆ ಆ ಮಾತು ಮುಗಿದರೆ ಸಾಕಾಗಿತ್ತು. ಕಾಫಿ ಕೊಟ್ಟು ಕಳಿಸಿದೆ. ಏನು ನೋಡಿಕೊಳ್ಳುತ್ತೀರಿ ಎಂದು ಕೇಳಲಿಲ್ಲ.

ಮರುದಿನ ಬಸ್ಸುಗಳ ತಗಡಿನ ಮೇಲೆಲ್ಲ ಬಿಳಿ ಬಣ್ಣ ಬಿತ್ತು. ಹೊನ್ನಿಯ ಅಕ್ಷರ ತುಂಬಿದ್ದ ಬಸ್ ಸ್ಟ್ಯಾಂಡಿನ ದೊಡ್ಡ ಗೋಡೆಗೆ ಸುಣ್ಣ ಬಳಿದರು. ಮಾರ್ಕೆಟ್ಟಿನದು ಬರುವ ವಾರವಂತೆ. ಸಿಂಗಾರದ ಅಕ್ಷರ ಊರಿನಲ್ಲಿ ಎಲ್ಲೂ ಕೂಡದು, ಟೀಚರಮ್ಮನಿಗೆ ತೊಂದರೆಯಾಗಿದೆ ಎಂದು ಡಂಗುರದ ಆಟೋ ಸಾರಿಕೊಂಡು ಹೋಯಿತು. ಹೊಸ ಅಕ್ಷರ ಬರೆಸಲು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಆ ದಿನ ಊರಿಗೆ ಊರೇ ನನ್ನ ಹಾಗೆ ಬಸ್ಸು ಹುಡುಕಿತು. ಸಂತೆಗೆ ಹೊರಟ ಕೋಳಿಗಳು ಕೋರ್ಟಿಗೆ ಹೋದವು, ಕೋರ್ಟಿಗೆ ಹೊರಟ ವಕೀಲರು ಸಂತೆಗೆ.

ಮಧ್ಯಾಹ್ನ ಹೊನ್ನಿ ಬಂದಳು. ಬಾಗಿಲಲ್ಲೇ ಟರ್ಪಂಟೈನ್ ವಾಸನೆ ಬಂದದ್ದರಿಂದ ಗೊತ್ತಾಯಿತು. ಒಳಗೆ ಬಾ ಎಂದರೂ ಬರಲಿಲ್ಲ.

“ಮಿಸ್, ನೀವೇ ಹೇಳಿ ಅಳಿಸಿದ್ರಂತೆ.”

“ನಾನು ಹೇಳ್ಲಿಲ್ಲ ಕಣೇ.”

“ಬೇಡಾ ಅಂತಾನೂ ಹೇಳ್ಲಿಲ್ವಲ್ಲ! ವರ್ಷಗಟ್ಟಲೆ ಏಣಿ ಮೇಲೆ ನಿಂತು ಬರ್ದಿದ್ದು ಮಿಸ್. ಆ ಗೋಡೆ ನೋಡೋಕೆ ಜನ ಎಲ್ಲೆಲ್ಲಿಂದ್ಲೋ ಬರ್ತಿದ್ರು. ನಿಮಗೆ ತೊಂದ್ರೆ ಆಗ್ತಿದ್ರೆ ನನ್ ಹತ್ರ ಬಂದು ಒಂದ್ ಮಾತು ಅನ್ನೋಕೆ ಏನಾಗಿತ್ತು? ಸಿಕ್ಕಾಗೆಲ್ಲ ಕೇಳ್ತಿದ್ನಲ್ಲ, ಹೆಂಗಿದೆ ಅಂತ?”

ನನಗೂ ಸಿಟ್ಟು ಬಂತು. “ನೀನು ಕೇಳಿದ್ದು ಹೊಗಳಲಿ ಅಂತ. ಓದೋಕೆ ಬರುತ್ತಾ ಮಿಸ್ ಅಂತ ಒಂದು ದಿನ ಕೇಳಿದ್ಯಾ? ನನ್ನ ಬೋರ್ಡಿನ ಮೇಲೆ ಕೈಯಾಡಿಸಿ ಬೆಳೆದೋಳು ನೀನು. ಆ ಅಕ್ಷರ ಹೆಂಗೆ ಮಾತಾಡುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವಾ?”

ಅವಳು ಮೂಗೊರೆಸಿಕೊಂಡ ಸದ್ದು ಕೇಳಿತು. ಅತ್ತಳೋ ಏನೋ. ನಾನು ಅವಳ ಮುಖಕ್ಕೆ ಕೈ ಚಾಚಲಿಲ್ಲ. ಹಾಗೆ ಮುಟ್ಟಿ ನೋಡುವುದು ನನಗೆ ಯಾವತ್ತೂ ಇಷ್ಟವಿಲ್ಲ. ಹೊಸ್ತಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಪಕ್ಕದಲ್ಲಿ ಕೂತಳು.

“ಬಿಡಿಬಿಡಿಯಾಗಿ ಹೇಳುತ್ತೆ ಅಂತ ಗೊತ್ತಿತ್ತು ಮಿಸ್” ಎಂದಳು. “ಮುಟ್ಟಿ ಓದೋರು ಈಗ ಯಾರಿದ್ದಾರೆ ಅನ್ಕೊಂಡೆ. ನೀವಿದ್ದೀರಿ ಅನ್ನೋದು... ಮರ್ತಿರ್ಲಿಲ್ಲ. ನಿಮಗೆಲ್ಲಾ ಗೊತ್ತಿರುತ್ತೆ, ನಿಮಗೆ ಯಾವ್ದೂ ಕಷ್ಟ ಅಲ್ಲ ಅನ್ಕೊಂಡಿದ್ದೆ.”

ಇಷ್ಟು ವರ್ಷ ಊರಿನವರೆಲ್ಲ ಹಾಗೆ ಅಂದುಕೊಳ್ಳಲಿ ಎಂದೇ ಬದುಕಿದವಳು ನಾನು. ಕಾಫಿ ಬಿಸಿಮಾಡಿ ತಂದೆ. ಅವಳು ಲೋಟ ಹಿಡಿದುಕೊಂಡು ಏನೋ ಗೊಣಗುತ್ತಿದ್ದಳು.

“ಏನೇ ಅದು?”

“ಏನಿಲ್ಲ. ಕ್ಲಾಸಲ್ಲಿ ಈ ಗೋಳಿರ್ಲಿಲ್ಲ ಅಂದೆ. ಅಲ್ಲಿ ನಾವು ಒಂದೊಂದೇ ಅಕ್ಷರ ಬರೀತಿದ್ವಲ್ಲ. ಬಳ್ಳಿ ಸ ಅಂದ್ರೆ ಮುಗೀತು, ಇಡೀ ಕ್ಲಾಸಿಗೆ ಗೊತ್ತು, ಯಾವುದು ಅಂತ.” ಅವಳ ಲೋಟ ನೆಲಕ್ಕೆ ಟಣ್ ಎಂದು ಕೂತಿತು. “ಮಿಸ್! ಬಸ್ಸಿಗೂ ಒಂದೇ ಅಕ್ಷರ ಸಾಕಲ್ವಾ? ಸುಣ್ಣದಗೂಡಿಗೆ ಬಳ್ಳಿ ಸ. ಸೂಜಿಗುಡ್ಡಕ್ಕೆ ಮುಳ್ಳು ಸ. ಕೆಳಗಡೆ ಹೆಸರು ಸಾದಾ ಬರ್ದ್ರಾಯ್ತು. ಬೆರಳಿಟ್ಟ ತಕ್ಷಣ ಹೇಳಿಬಿಡುತ್ತೆ. ದೂರದಿಂದ ನೋಡೋರಿಗೂ ಕಾಣುತ್ತೆ, ಓದೋಕೆ ಬರದೋರಿಗೂ ತಿಳಿಯುತ್ತೆ.”

“ಇದನ್ನ ನನಗೆ ಹೇಳಿ ಏನು ಉಪಯೋಗ? ಏಳು” ಎಂದೆ.

ಪುರಸಭೆಯಲ್ಲಿ ರುದ್ರಾಣಿಯವರು ಬಸ್ಸಿನ ಗಲಾಟೆಯಿಂದ ಆಗಲೇ ಸುಸ್ತಾಗಿದ್ದರು. ಅವರ ಮೇಜಿನ ಮುಂದೆ ಹತ್ತಾರು ಜನ ಒಟ್ಟಿಗೆ ಮಾತಾಡುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ಸುಮ್ಮನಾದರು. ಆ ಮೌನ ನನಗೆ ಹಿಡಿಸಲಿಲ್ಲ.

“ರುದ್ರಾಣಮ್ಮ, ನನ್ನ ಹೆಸರು ಹೇಳಿ ಗೋಡೆಗೆ ಸುಣ್ಣ ಬಳೀಬೇಡಿ” ಎಂದೆ. “ನಾನು ಕೇಳಿರ್ಲಿಲ್ಲ.”

“ನಿಮ್ಮ ಒಳ್ಳೇದಕ್ಕೇ ಅಲ್ವಾ ಮೇಡಂ? ಬೇಡಾಂದ್ರೆ ಇನ್ನೊಂದು ಮಾಡ್ತೀನಿ. ನೀವು ಹೊರಟಾಗೆಲ್ಲ ಜೊತೆಗೊಬ್ಬರನ್ನ ಕಳಿಸ್ತೀನಿ. ಕೈ ಹಿಡ್ಕೊಂಡು ಹತ್ತಿಸಿ, ಇಳಿಸಿ...”

“ಅದಕ್ಕಿಂತ ಸುಣ್ಣಾನೇ ವಾಸಿ” ಎಂದೆ. ಯಾರೋ ಕಿಸಕ್ಕೆಂದರು. “ನನಗೆ ಬಸ್ಸು ಬೇಕು, ಕೈಯಲ್ಲ. ಇವಳ ಅಕ್ಷರಾನೂ ಊರಿಗೆ ಬೇಕು. ಏನು ಮಾಡಬೇಕು ಅಂತ ಇವಳೇ ಹೇಳ್ತಾಳೆ, ಕೇಳಿ.”

ಹೊನ್ನಿ ತಡವರಿಸುತ್ತಲೇ ಹೇಳಿದಳು. ಎಲ್ಲರೂ ತಕ್ಷಣ ಒಪ್ಪಿದರೆಂದು ತಿಳಿಯಬೇಡಿ. ಬಸ್ಸಿನ ಮಾಲೀಕರೊಬ್ಬರು, ಒಂದು ಅಕ್ಷರ ನೋಡಿಕೊಂಡು ಜನ ಹತ್ತುತ್ತಾರೆಯೇ ಎಂದರು. ಇನ್ನೊಬ್ಬರಿಗೆ ತಮ್ಮ ಬಸ್ಸಿಗೆ ಮುಳ್ಳು ಬೇಡ, ಅಪಶಕುನ. ಹೊನ್ನಿ ಅವರಿಗೆ ಸೂಜಿಗುಡ್ಡಕ್ಕೆ ಮುಳ್ಳಲ್ಲದೆ ಮಲ್ಲಿಗೆ ಹಾಕಲೇ ಎಂದಳು. ಕೊನೆಗೆ ಬಸ್ಸುಗಳಿಗೆ ಮಾತ್ರ ಮಾಡಿ ನೋಡೋಣ, ಅಂಗಡಿ ಬೋರ್ಡು ಅವರವರ ಇಷ್ಟ ಎಂದು ರುದ್ರಾಣಿಯವರು ಕೈ ಮುಗಿದರು. ಅಳಿಸಿಹೋದ ದೊಡ್ಡ ಗೋಡೆಯ ವಿಷಯ ಯಾರೂ ಎತ್ತಲಿಲ್ಲ. ಹಿಂದಿರುಗುವಾಗ ಹೊನ್ನಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು, ನಾನೂ ನಿಂತೆ. ಹಸಿ ಸುಣ್ಣದ ವಾಸನೆಗೆ ನನಗೆ ಸೀನು ಬಂತು. ಆ ಗೋಡೆಗೆ ಅವಳು ಮತ್ತೆ ಏನನ್ನೂ ಬರೆದಿಲ್ಲ.

ಊರು ನಿಧಾನವಾಗಿ ಒಗ್ಗಿಕೊಂಡಿತು. ಈಗ ಜನ “ಬಳ್ಳಿ ಸ ಹೋಯ್ತಾ?” “ಜೋಡಿಗೆರೆ ಕ ಇನ್ನೂ ಬಂದಿಲ್ಲ” ಎಂದೇ ಮಾತಾಡುವುದು. ನನ್ನ ತರಗತಿಯ ಮಕ್ಕಳು ಬೋರ್ಡಿನ ಮೇಲೆ ಮುಳ್ಳು ಸ ಬರೆದರೆ ಸೂಜಿಗುಡ್ಡಕ್ಕೆ ಟಿಕೆಟ್ ಎಷ್ಟು ಮಿಸ್ ಎಂದು ಕೇಳುತ್ತಾರೆ. ಹಣ್ಣಿನಂಗಡಿ, ಬಟ್ಟೆ ಅಂಗಡಿಗಳಲ್ಲಿ ಬಳ್ಳಿಗಳು ಹಾಗೇ ಇವೆ. ಮೊಬೈಲಿನಲ್ಲಿ ಹಾರೈಕೆಗಳೂ ಒಂದೊಂದೇ ಅಕ್ಷರವಾಗಿ ಮೂಗಿನಲ್ಲಿ ಹೆಸರು ಹೇಳಿಕೊಳ್ಳುತ್ತ ಬರುತ್ತವೆ. ಪುರಸೊತ್ತಿದ್ದಾಗ ಕೇಳುತ್ತೇನೆ, ಇಲ್ಲದಿದ್ದರೆ ನಿಮಗೂ ಶುಭವಾಗಲಿ ಎಂದು ಸಾದಾ ಅಕ್ಷರದಲ್ಲಿ ಕಳಿಸುತ್ತೇನೆ.

ಬಸ್ಸಿನ ಅಕ್ಷರಗಳನ್ನು ಹೊನ್ನಿ ಮೊದಲು ಬಣ್ಣದಲ್ಲೇ ಬರೆದಿದ್ದಳು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಅಪ್ಪನ ಲಾರಿ ಶೆಡ್ಡಿನಲ್ಲಿ ಕೂತು ದಪ್ಪ ತಗಡನ್ನು ಹಿಂದಿನಿಂದ ಬಡಿದು ಬಡಿದು ಅಕ್ಷರ ಉಬ್ಬಿ ಬರುವಂತೆ ಮಾಡಿದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಮರುವರ್ಷ ಸುಣ್ಣದಗೂಡಿನವರು ಮತ್ತೆ ಕರೆದಿದ್ದರು. ಬಸ್ ಸ್ಟ್ಯಾಂಡಿಗೆ ಹೋದರೆ ಹೊನ್ನಿ ಮೊದಲೇ ಬಂದು ನಿಂತಿದ್ದಳು. ಹೊಸ ತಗಡು ಆ ಬೆಳಗ್ಗೆಯಷ್ಟೇ ಕೂರಿಸಿದ್ದಂತೆ. “ಮುಟ್ಟಿ ನೋಡಿ ಮಿಸ್” ಎಂದಳು.

ಬೆರಳಿಟ್ಟೆ. ‘ಬಳ್ಳಿ ಸ’ ಎಂದು ಅದು ಕಂಚಿನ ಗಂಟೆಯಂತೆ ಹೇಳಿತು. ತಿಳಿಯಬೇಕಾದ್ದು ತಿಳಿದಿತ್ತು, ಹತ್ತಬಹುದಿತ್ತು. ಆದರೆ ಬೆರಳು ಅಲ್ಲೇ ನಿಂತುಬಿಟ್ಟಿತು. ತಲೆಯ ಹತ್ತಿರ ಒಂದು ಏರು, ಅಲ್ಲಿಂದ ಹೊಟ್ಟೆ ತುಂಬಿಕೊಂಡು ಇಳಿದು, ಇನ್ನೇನು ಮುಗಿಯಿತು ಅನ್ನುವಾಗ ಕೆಳಗೆ ಹೊರಳಿ, ಸುರುಳಿಯಾಗಿ, ಸುರುಳಿಯ ತುದಿಯಲ್ಲಿ ಹೆಸರುಕಾಳಿನಷ್ಟು ಪುಟ್ಟದೊಂದು ಮೊಗ್ಗು. ಸೀಮೆಸುಣ್ಣವಾಗಲಿ ಬಣ್ಣವಾಗಲಿ ಗಾಜಾಗಲಿ ಇಷ್ಟು ದಿನ ನನಗೆ ಇದನ್ನು ಹೇಳಿರಲಿಲ್ಲ. ಅಕ್ಷರ ಮತ್ತೆ ಮತ್ತೆ ತನ್ನ ಹೆಸರು ಹೇಳುತ್ತಲೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

“ಈ ಕೊನೆಯ ಸುರುಳಿ ಯಾತಕ್ಕೇ? ಅದಿಲ್ಲದೇನೂ ಬಳ್ಳಿ ಅಂತ ಗೊತ್ತಾಗ್ತಿತ್ತಲ್ಲ?”

“ಅದು ಸುಮ್ನೆ ಮಿಸ್” ಎಂದಳು ಹೊನ್ನಿ. ಅವಳ ದನಿಯಲ್ಲಿ ಹೆದರಿಕೆಯಿತ್ತು. “ಬೇಡಾಂದ್ರೆ ತೆಗೀತೀನಿ.”

“ತೆಗೆದ್ರೆ ನೋಡು” ಎಂದೆ.

ಮೈಲಾರಿ ಸೀಟಿ ಊದಿದ. “ಟೀಚರಮ್ಮ, ಸರಿಯಾದ ಬಸ್ಸೇ, ಹತ್ತಿ! ಇದು ಹೋದ್ರೆ ಇನ್ನೊಂದು ಅರ್ಧ ಗಂಟೆ ಬಿಟ್ಟು.”

“ಸಭೆಗೆ ಇನ್ನೂ ಹೊತ್ತಿದೆ. ತಗಡು ಬಿಚ್ಚೋಕಾಗೋದಾದ್ರೆ ಬಿಚ್ಚಿಕೊಟ್ಟು ಹೋಗಪ್ಪ, ಆಗದಿದ್ರೆ ನಿಂತಿರು” ಎಂದು ಹೇಳಿ, ಕೈಚೀಲವನ್ನು ಹೊನ್ನಿಯ ಕೈಗೆ ಕೊಟ್ಟು, ಎರಡೂ ಅಂಗೈಗಳನ್ನು ಅಕ್ಷರದ ಮೇಲಿಟ್ಟೆ. ಬಸ್ಸಿನೊಳಗಿನವರು ಗೊಣಗುತ್ತಿದ್ದರು. ಮೈಲಾರಿ ಇಳಿದು ಬಂದು ಪಕ್ಕದಲ್ಲಿ ನಿಂತ. ಆಮೇಲೆ ಡ್ರೈವರನಿಗೆ ಎಂಜಿನ್ ಆರಿಸು ಎಂದ.